ಎಡಗಿವಿಯ ರಮೋನ್ಸ್

ಹೆಲ್ಮೆಟ್ ತೆಗೆಯುವಾಗ ನನ್ನ ಬಲಗಿವಿಯ ಇಯರ್‌ಬಡ್ ಪಟ್ ಅಂತ ಹಾರಿ, ರಸ್ತೆ ಮೇಲೆ ಎರಡು ಸಲ ಪುಟಿದು, ಫುಟ್‌ಪಾತಿನ ಚಪ್ಪಡಿ ಸಂದಿಯಲ್ಲಿ ಮೋರಿಗೆ ಇಳಿದುಹೋಯಿತು. ಮೊಣಕಾಲೂರಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಪಕ್ಕದಲ್ಲಿ ಎಳನೀರು ಮಾರುತ್ತಿದ್ದವರೂ ಕತ್ತಿ ಹಿಡಿದುಕೊಂಡೇ ಬಂದು ನನ್ನ ಜೊತೆ ಬಗ್ಗಿದರು.

"ಏನ್ ಸಾರ್ ಬಿತ್ತು?"

"ಕಿವೀದು."

"ಚಿನ್ನದ್ದಾ?"

"ಅಲ್ಲ ಕಣ್ರೀ, ಹಾಡು ಕೇಳೋದು."

"ಅದೇ, ಚಿನ್ನದ್ದಾ ಅಂತ."

ಮನೆಗೆ ಬಂದು ಹೊಸದು ತಗೋಬೇಕು ಅಂದೆ. ಹೆಂಡತಿ ತಲೆ ಎತ್ತದೆ, "ಇನ್ನೊಂದಿದೆಯಲ್ಲಾ" ಅಂದಳು. ಈ ಮಾತಿಗೆ ಉತ್ತರ ಇವತ್ತಿಗೂ ಸಿಕ್ಕಿಲ್ಲ. ಹಾಗಾಗಿ ಮೂರು ತಿಂಗಳು ಎಡಗಿವಿಯೊಂದರಲ್ಲೇ ಸಂಸಾರ ಸಾಗಿತು.

ಇದೇ ಹೊತ್ತಿಗೆ ನಮ್ಮ ಅಕ್ಕನ ಮಗ ರಮೋನ್ಸ್ ಬ್ಯಾಂಡಿನ ಮೊದಲ ಆಲ್ಬಮ್ ಕಳಿಸಿದ. "ಮಾಮಾ, ಕೇಳು. ಪಂಕ್ ರಾಕ್ ಅಂದ್ರೆ ಇದು. ಗಿಟಾರ್ ಗರಗಸ ಇದ್ದ ಹಾಗಿದೆ." ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫಾರೆಸ್ಟ್ ಹಿಲ್ಸ್ ಹುಡುಗರ ಗುಂಪು, 1976ರ ಏಪ್ರಿಲ್‌ನಲ್ಲಿ ಬಂದ ಆಲ್ಬಮ್, 14 ಹಾಡು, ಒಟ್ಟು 29 ನಿಮಿಷ. ಯಾವ ಹಾಡೂ ಮೂರು ನಿಮಿಷ ಮುಟ್ಟುವುದಿಲ್ಲ. ಒಂದು ಹಾಡು ಹಿಡಿಸಲಿಲ್ಲ ಅಂತ ಫೋನ್ ಜೇಬಿನಿಂದ ತೆಗೆಯುವಷ್ಟರಲ್ಲಿ ಅದು ಮುಗಿದು ಮುಂದಿನದು ಶುರುವಾಗಿರುತ್ತದೆ.

ಕೇಳಿದೆ. ಚೆನ್ನಾಗಿತ್ತು. ಆದರೆ ಗರಗಸ ಎಲ್ಲಿ? ಹಾಡುವವನ ದನಿ ಇದೆ, ಡ್ರಮ್ಸ್ ಇದೆ, ತಳದಲ್ಲಿ ಡುಮುಡುಮು ಅಂತ ಏನೋ ಉರುಳುತ್ತಿದೆ, ಅಷ್ಟೇ. "ಚೆನ್ನಾಗಿದೆ ಕಣೋ, ಗಿಟಾರ್ ಒಂದು ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಅಂತ ಅವನಿಗೆ ಹೇಳಿದೆ. ಮದುವೆ ಊಟ ಮುಗಿಸಿ ಎಲೆ ಮಡಚಿ, ಅನ್ನ ಯಾವಾಗ ಬಡಿಸ್ತಾರೆ ಅಂತ ಕೇಳಿದವನನ್ನು ನೋಡುವ ಹಾಗೆ ನನ್ನನ್ನು ನೋಡಿದ.

ಇದರ ಮೇಲೆ ನಾವಿಬ್ಬರೂ ತಿಂಗಳುಗಟ್ಟಲೆ ಕಿತ್ತಾಡಿದೆವು. ಆ ಬ್ಯಾಂಡಿನಲ್ಲಿ ಜಾನಿ ಅನ್ನುವ ಗಿಟಾರಿಸ್ಟ್ ಇದ್ದ, ಅದು ನನಗೂ ಗೊತ್ತಿತ್ತು. ಪಾಪ, ರೆಕಾರ್ಡಿಂಗ್ ದಿನ ಹುಷಾರಿರಲಿಲ್ಲವೇನೋ ಅಂದುಕೊಂಡಿದ್ದೆ.

ಆಮೇಲೆ ತಿಳಿಯಿತು. ಈ ಆಲ್ಬಮನ್ನು ಅರವತ್ತರ ದಶಕದ ಹಳೇ ಸ್ಟೀರಿಯೋ ರೆಕಾರ್ಡುಗಳ ಹಾಗೆ ಮಿಕ್ಸ್ ಮಾಡಿದ್ದಾರೆ. ನನಗೆ ಡುಮುಡುಮು ಅಂತ ಕೇಳಿದ ಬೇಸ್ ಗಿಟಾರ್ ಎಡಗಡೆ, ಜಾನಿಯ ಗಿಟಾರ್ ಬಲಗಡೆ, ಹಾಡು ಮತ್ತು ಡ್ರಮ್ಸ್ ನಡುವೆ. ಅಂದರೆ ಗರಗಸವಿದ್ದದ್ದು ಮೋರಿಯ ಕಡೆಗೆ. ದುಬಾರಿ ಬಡ್‌ಗಳಾದರೆ ಒಂದೇ ಉಳಿದಾಗ ಎರಡೂ ಕಡೆಯದನ್ನು ಬೆರೆಸಿ ಕೊಡುತ್ತವಂತೆ. ನನ್ನದು ರಸ್ತೆ ಬದಿಯ 399 ರೂಪಾಯಿ ಮಾಲು. ಪಕ್ಕದ ಟೇಬಲ್ಲಿನ ಗುಮಾಸ್ತರು ರಜೆ ಹಾಕಿದರೆ ಅವರ ಫೈಲಿಗೆ ಕೈ ಹಚ್ಚದ ಗುಮಾಸ್ತರ ಹಾಗೆ, ತನ್ನ ಭಾಗದ್ದು ಮಾತ್ರ ನಿಯತ್ತಾಗಿ ನುಡಿಸಿತು.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಅರ್ಧ ಆಲ್ಬಮನ್ನು ಮೂರು ತಿಂಗಳು ದಿನಾ ಕೇಳಿದ್ದೇನೆ, ಬೇಜಾರಾಗಲಿಲ್ಲ. ಗಿಟಾರನ್ನೇ ಕಿತ್ತುಹಾಕಿದರೂ ನಿಲ್ಲುವ ರಾಕ್ ಆಲ್ಬಮ್ ಎಷ್ಟಿವೆ ಹೇಳಿ? ಆ ಕಾಲದ ದೊಡ್ಡ ಬ್ಯಾಂಡುಗಳಲ್ಲಿ ಕೆಲವು ಒಂದೇ ಹಾಡನ್ನು ಎಲ್‌ಪಿಯ ಒಂದು ಪಕ್ಕದುದ್ದಕ್ಕೂ ಎಳೆಯುತ್ತಿದ್ದವು, ಗಣೇಶೋತ್ಸವದ ಅಧ್ಯಕ್ಷರ ಭಾಷಣದ ಹಾಗೆ. ಇವರು ಬಂದರು, ಹೇಳುವುದು ಹೇಳಿದರು, ಹೋದರು. ಹೇಳಿದ್ದಾದರೂ ಏನು? ಎರಡು ಹಾಡಿನ ಹೆಸರು 'ನನಗೆ ಬೇಡ' ಅಂತ ಶುರುವಾಗುತ್ತದೆ, ಇನ್ನೆರಡರಲ್ಲಿ 'ನನಗೆ ಬೇಕು' ಅಂತಿದೆ. ಒಂದರಲ್ಲಿ ನೆಲಮಾಳಿಗೆಗೆ ಹೋಗಲಾರೆ ಅಂತ ಹಟ. ನಮ್ಮನೆಯಲ್ಲಿ ಐದು ವರ್ಷದ ಮಗು ಬೆಳಗ್ಗೆ ಎದ್ದು ಮಾಡುವುದೂ ಇದನ್ನೇ, ಡ್ರಮ್ಸ್ ಒಂದಿಲ್ಲ ಅಷ್ಟೇ.

ಮೊದಲ ಹಾಡಿನ 'ಹೇ ಹೋ, ಲೆಟ್ಸ್ ಗೋ' ಅಂತೂ ಬಾಯಿಗೆ ಅಂಟಿಕೊಂಡಿತು. ಬ್ಯಾಂಕಿನ ಕ್ಯೂನಲ್ಲಿ ನಿಂತು ಸುಮ್ನೆ ಗುನುಗಿದ್ದಕ್ಕೆ ಮುಂದಿದ್ದ ಅಜ್ಜ ಗಾಬರಿಯಾಗಿ ಎರಡು ಹೆಜ್ಜೆ ಮುಂದೆ ಹೋಗಿ ತಮ್ಮ ಮುಂದಿನವರಿಗೆ ಢಿಕ್ಕಿ ಹೊಡೆದರು. ತಿರುಗಿ, "ಹೋಗ್ತಾ ಇದೀನಲ್ಲಪ್ಪಾ!" ಅಂದರು.

ಟೀ ಶರ್ಟಿನ ಕಥೆ ಇನ್ನೊಂದು. ಈ ಬ್ಯಾಂಡಿನ ಲಾಂಛನ ಅಮೆರಿಕ ಅಧ್ಯಕ್ಷರ ಮುದ್ರೆಯ ಅಣಕು. ಹದ್ದಿನ ಒಂದು ಕಾಲಲ್ಲಿ ಸೇಬಿನ ಕೊಂಬೆ, ಇನ್ನೊಂದರಲ್ಲಿ ಬೇಸ್‌ಬಾಲ್ ಬ್ಯಾಟು. ಹಾಕಿಕೊಂಡು ಹಾಲು ತರಲು ಹೋದರೆ ಎದುರುಮನೆಯ ನಿವೃತ್ತ ಯಜಮಾನರು ಕಣ್ಣು ಕಿರಿದು ಮಾಡಿ, "ಸೆಂಟ್ರಲ್ ಗೌರ್ಮೆಂಟಾ? ಯಾವಾಗ ಆಯ್ತು?" ಅಂದರು. ಮರುದಿನದಿಂದ ನಮಸ್ಕಾರ ಅವರೇ ಮೊದಲು ಮಾಡುತ್ತಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಅಮ್ಮ ಮಾತ್ರ ಅದರ ಮೇಲಿದ್ದ ಹೆಸರುಗಳನ್ನು ಓದಿಸಿಕೊಂಡು, "ಎಲ್ರೂ ರಮೋನ್ ಅಂತೀಯ, ಅಣ್ಣತಮ್ಮಂದಿರಾ?" ಅಂದಳು. ಅಲ್ಲ, ಸಂಬಂಧಿಕರೂ ಅಲ್ಲ, ಸುಮ್ನೆ ಎಲ್ಲರೂ ಆ ಹೆಸರು ಇಟ್ಟುಕೊಂಡರು ಅಂದೆ. "ಆಸ್ತಿ ಗಲಾಟೆ ಇರಲ್ಲ ಬಿಡು" ಅಂದಳು.

ಈ ಆಲ್ಬಮ್ ಕೇಳಿದವರಿಗೆಲ್ಲ ಒಂದು ರೋಗ ತಗಲುತ್ತದೆ. ಇಷ್ಟೇನಾ, ನಾನೂ ನುಡಿಸಬಲ್ಲೆ ಅನ್ನಿಸುವ ರೋಗ. ಎಷ್ಟೋ ಜನ ಹೀಗೆ ಅನ್ನಿಸಿಯೇ ಬ್ಯಾಂಡ್ ಕಟ್ಟಿದರು. ನನಗೆ ಅನ್ನಿಸಿದ್ದು ನಲವತ್ತನಾಲ್ಕರಲ್ಲಿ. ಅಕ್ಕನ ಮಗನ ಗಿಟಾರ್ ಇಸ್ಕೊಂಡು ಬಂದು ಮೂರು ಸ್ವರಗುಚ್ಛ (ಕಾರ್ಡ್) ಕಲಿತು ಕೂತೆ. ಸಾಮಾನ್ಯವಾಗಿ ಗಿಟಾರನ್ನು ಕೆಳಕ್ಕೊಮ್ಮೆ ಮೇಲಕ್ಕೊಮ್ಮೆ ಮೀಟುತ್ತಾರೆ. ಜಾನಿ ಹೆಚ್ಚುಕಮ್ಮಿ ಬರೀ ಕೆಳಕ್ಕೇ ಮೀಟುತ್ತಿದ್ದ, ಅದೂ ಆ ವೇಗದಲ್ಲಿ, ಇಡೀ ಕಾರ್ಯಕ್ರಮ. ನಾನು ಒಂದೂವರೆ ನಿಮಿಷ ಎಳೆದೆ. ಮರುದಿನ ಹಲ್ಲುಜ್ಜಲು ಎಡಗೈ ಬಳಸಬೇಕಾಯಿತು. ಡಾಕ್ಟರು ಮಣಿಕಟ್ಟು ಒತ್ತಿ ನೋಡಿ, "ಮನೇಲಿ ಮುದ್ದೆ ತಿರುವೋದು ನೀವೇನಾ?" ಅಂತ ಕೇಳಿದರು. ಹೆಂಡತಿ ಅಲ್ಲೇ ಜೋರಾಗಿ ನಕ್ಕಳು. "ಇವ್ರಾ?"

ಈ ಆಲ್ಬಮ್ ರೆಕಾರ್ಡ್ ಮಾಡಲು ಸುಮಾರು 6,400 ಡಾಲರ್ ಖರ್ಚಾಗಿತ್ತಂತೆ. ಆ ಕಾಲಕ್ಕೂ ರಾಕ್ ಆಲ್ಬಮ್‌ಗೆ ಅದು ಚಿಲ್ಲರೆ ಕಾಸು. ಹೆಚ್ಚು ಮಾರಾಟವಾಗುವ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 111ನೇ ಸ್ಥಾನ ದಾಟಲಿಲ್ಲ. ಐದು ಲಕ್ಷ ಪ್ರತಿ ಲೆಕ್ಕಕ್ಕೆ ಸಿಕ್ಕಿ ಅಮೆರಿಕದಲ್ಲಿ ಗೋಲ್ಡ್ ರೆಕಾರ್ಡ್ ಅನ್ನಿಸಿಕೊಂಡಿದ್ದು 2014ರಲ್ಲಿ, 38 ವರ್ಷದ ಮೇಲೆ. ಅಷ್ಟರಲ್ಲಿ ಹಾಡಿದ ಜೋಯಿ, ಬೇಸ್ ನುಡಿಸಿದ ಡೀ ಡೀ, ಗಿಟಾರಿನ ಜಾನಿ ಮೂವರೂ ತೀರಿಹೋಗಿದ್ದರು. ನಾಲ್ವರಲ್ಲಿ ಉಳಿದಿದ್ದವನು ಡ್ರಮ್ಸ್ ಬಾರಿಸಿದ ಟಾಮಿ ಒಬ್ಬನೇ, ಅವನೂ ಅದೇ ವರ್ಷ ಜುಲೈನಲ್ಲಿ ತೀರಿಕೊಂಡ. ಇದನ್ನು ಓದಿದ ದಿನ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಕೊನೆಗೂ ಹೊಸ ಜೋಡಿ ತಗೊಂಡೆ. ಬಲಗಿವಿಗೆ ಆ ಗರಗಸ ಮೊದಲ ಸಲ ಬಿದ್ದಾಗ ಸ್ಕೂಟರ್ ನಿಲ್ಲಿಸಿ ಇಳಿದುಬಿಟ್ಟೆ. ಇಳಿದಿದ್ದು ಅದೇ ಎಳನೀರಿನ ಗಾಡಿ ಹತ್ತಿರ. ಅವರು ನನ್ನನ್ನು ಮರೆತಿರಲಿಲ್ಲ.

"ಸಿಕ್ತಾ ಸಾರ್ ಅದು?"

"ಇಲ್ಲ. ನೀವು ಅವತ್ತು ಕೇಳಿದ್ರಲ್ಲ, ಅದು ಚಿನ್ನದ್ದೇ ಕಣ್ರೀ. ನನಗೇ ಗೊತ್ತಿರಲಿಲ್ಲ."

"ಎಷ್ಟು ಗ್ರಾಂ?" ಅಂದರು, ಅರ್ಧ ಕೆತ್ತಿದ ಎಳನೀರು ಗಾಡಿ ಮೇಲಿಟ್ಟು ಚಪ್ಪಡಿ ಕಡೆ ನೋಡುತ್ತಾ.