ಒಂದು ರೂಪಾಯಿಯ ಬೆನ್ನು

ಸ್ಟೇಟ್‌ಬ್ಯಾಂಕಿಗೆ ಹೋಗುವ ಮಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ ಒಂದು ರೂಪಾಯಿಯ ನಾಣ್ಯವೊಂದು ವಿಚಿತ್ರವಾಗಿತ್ತು. ಸಿಂಹ ಇರುವ ಬದಿಯಲ್ಲಿ ರೂಪಾಯಿ ಚಿಹ್ನೆಯೂ ಒಳಕ್ಕಿಳಿದು ಕೂತಿತ್ತು. ಅದೂ ಉಲ್ಟಾ, ಕನ್ನಡಿಯಲ್ಲಿ ನೋಡಿದ ಹಾಗೆ. ಇಸವಿಯ ಕೆಳಗೆ ಚುಕ್ಕಿ, ಅಂದರೆ ನೋಯ್ಡಾದ ಟಂಕಸಾಲೆಯಲ್ಲಿ ಹುಟ್ಟಿದ್ದು. ಹಂಪನಕಟ್ಟೆ ಬರುವ ಹೊತ್ತಿಗೆ ಮನಸ್ಸಿನಲ್ಲೇ ನಾನು ಲಕ್ಷಾಧಿಪತಿ.

ಆಸೆಗೆ ಕಾರಣ ಉಂಟು. ಟಂಕಸಾಲೆಯಲ್ಲಿ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತ ಒಂದು ಬಳೆ. ನಡುವೆ ಬೋಳು ಬಿಲ್ಲೆ ಬಂದು ಕೂರುತ್ತದೆ. ಏಟು ಬೀಳುತ್ತದೆ, ನಾಣ್ಯ ಹೊರಗೆ. ಅಪರೂಪಕ್ಕೆ ಒಂದು ನಾಣ್ಯ ಹೊರಬೀಳದೆ ಅಚ್ಚಿಗೇ ಅಂಟಿಕೊಳ್ಳುತ್ತದೆ. ಆಗ ಮುಂದಿನ ಬಿಲ್ಲೆಯ ಮೇಲೆ ಅಚ್ಚಿನ ಬದಲು ಈ ಅಣ್ಣನ ಮುಖ ಒತ್ತುತ್ತದೆ. ಉಬ್ಬಬೇಕಾದ ಚಿತ್ರ ತಗ್ಗಾಗುತ್ತದೆ, ಎಡ ಬಲವಾಗುತ್ತದೆ. ಸಂಗ್ರಹ ಮಾಡುವವರು ಇದನ್ನು ಲಾಖಿ ಅನ್ನುತ್ತಾರೆ. ಹೆಸರು ಕೇಳಿದರೇ ಕೈ ತುರಿಸುತ್ತದೆ, ಅಲ್ವಾ?

ರಥಬೀದಿಯಲ್ಲಿ ಪರಿಚಯದ ಆಚಾರ್ರೊಬ್ಬರಿದ್ದಾರೆ, ಚಿನ್ನದ ಕೆಲಸದವರು. ಬಾರಕೂರು ಗದ್ಯಾಣ ಎಂಬ ಹಳೇ ನಾಣ್ಯದ ಸೀಮೆಯವನು ನಾನು, ನಾಣ್ಯ ನನಗೆ ಗೊತ್ತಾಗುವುದಿಲ್ವಾ ಎಂಬ ಜಂಬದಲ್ಲೇ ಅವರ ಮುಂದೆ ಕೂತೆ. ಈ ನಾಣ್ಯದ ತೂಕ 3.79 ಗ್ರಾಂ ಇರಬೇಕು. ತಕ್ಕಡಿ ಹೆಚ್ಚುಕಡಿಮೆ ಅಷ್ಟೇ ತೋರಿಸಿತು.

"ನೋಡಿ, ಸರಿ ಉಂಟು!" ಎಂದೆ.

"ಹಿಂಡಿದರೆ ತೂಕ ಕಮ್ಮಿ ಆಗ್ತದಾ ಮಾರಾಯ್ರೇ?" ಎಂದು ಅವರು ಭೂತಗನ್ನಡಿ ಕಣ್ಣಿಗೆ ಹಿಡಿದರು. ಆಮೇಲೆ ನಾಣ್ಯದ ಬೆನ್ನು ತಿರುಗಿಸಿದರು. ನಾನು ಬಸ್ಸಿನಲ್ಲಿ ಆ ಬದಿಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಅಲ್ಲಿ ಹೂವು, ಅಂಕಿ ಎಲ್ಲ ಚಪ್ಪಟೆಯಾಗಿ ಮಿರುಗುತ್ತಿತ್ತು.

ವಿಷಯ ಇರುವುದೇ ಅಲ್ಲಿ. ಟಂಕಸಾಲೆಯ ತಪ್ಪಾದರೆ ಬೆನ್ನಿಗೆ ಇನ್ನೊಂದು ಅಚ್ಚಿನ ಆಸರೆ ಇರುತ್ತದೆ, ಆ ಬದಿ ಚೆನ್ನಾಗಿ ಮೂಡುತ್ತದೆ. ಮತ್ತೆ ನಿಜವಾದ ಲಾಖಿಗೆ ಎರಡು ಕಡೆಯೂ ಒಂದೇ ಚಿತ್ರ. ಒಂದು ಉಬ್ಬು, ಒಂದು ತಗ್ಗು. ರೂಪಾಯಿ ಚಿಹ್ನೆ ಎರಡೂ ಕಡೆ ಇದ್ದ ಮೇಲೆ ಸಿಂಹಕ್ಕೆ ಜಾಗ ಎಲ್ಲಿ? ನನ್ನದರಲ್ಲಿ ಸಿಂಹ ಪಾಪ ಜಜ್ಜಿಹೋಗಿ ಅಲ್ಲೇ ಕೂತಿತ್ತು. ಅಂದರೆ ನಾಣ್ಯ ಸರಿಯಾಗಿಯೇ ಹುಟ್ಟಿ ಆಮೇಲೆ ಕೆಟ್ಟದ್ದು. ಯಾರೋ ಎರಡು ನಾಣ್ಯ ಒಂದರ ಮೇಲೊಂದಿಟ್ಟು ಸುತ್ತಿಗೆಯಲ್ಲಿ ಬಡಿದಿದ್ದಾರೆ, ಇಲ್ಲ ವೈಸಿಗೆ ಹಾಕಿ ತಿರುಪಿದ್ದಾರೆ.

ಟಂಕಸಾಲೆಯ ಇನ್ನೊಂದು ತಪ್ಪು ಉಂಟು, ಅಂಚು ಕಚ್ಚಿದ ನಾಣ್ಯ. ಅದರದ್ದು ಇನ್ನೂ ಚಂದ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಮೇಲೆ ಬಿದ್ದರೆ ಬಿಲ್ಲೆಯ ಒಂದು ತುಂಡು ಹೋಗುತ್ತದೆ. ಆಮೇಲೆ ಅಂಚು ಎಬ್ಬಿಸಲು ಬಿಲ್ಲೆಯನ್ನು ಎರಡು ಕಡೆಯಿಂದ ಒತ್ತಿ ಉರುಳಿಸುತ್ತಾರೆ. ತುಂಡು ಹೋದಲ್ಲಿ ಒತ್ತಡ ಸಿಗುವುದಿಲ್ಲ. ಹಾಗಾಗಿ ಸರಿಯಾಗಿ ಅದರ ಎದುರು ಬದಿಯ ಅಂಚೂ ಸಪ್ಪೆಯಾಗುತ್ತದೆ. ಇಂಥದ್ದನ್ನು ನಕಲು ಮಾಡಲು ಅರ ಹಿಡಿದು ಉಜ್ಜುವವನು ಕಚ್ಚಿದ ಕಡೆ ಮಾತ್ರ ನೋಡಿಕೊಳ್ಳುತ್ತಾನೆ. ಎದುರು ಬದಿ ಅವನ ತಲೆಗೇ ಬರುವುದಿಲ್ಲ.

ಮನೆಗೆ ಬರುವಾಗ ಆ ಸುತ್ತಿಗೆಯವನ ಮೇಲೆ ಸಿಟ್ಟು ಬಂತು. ಆಮೇಲೆ ಮಹಾಕಾಳಿಪಡ್ಪು ರೈಲ್ವೆ ಗೇಟು ನೆನಪಾಯಿತು. ಚಿಕ್ಕವನಿದ್ದಾಗ ಘೇಂಡಾಮೃಗದ ಚಿತ್ರವಿದ್ದ ಇಪ್ಪತ್ತೈದು ಪೈಸೆಯ ಪಾವಲಿಯನ್ನು ಹಳಿ ಮೇಲಿಟ್ಟು ಗೂಡ್ಸ್ ರೈಲಿಗೆ ಕಾದವರಲ್ಲಿ ನಾನೂ ಒಬ್ಬ. ಘೇಂಡಾಮೃಗ ಎಲೆಯ ಹಾಗೆ ಚಪ್ಪಟೆಯಾಗಿ ಬಿಸಿಬಿಸಿಯಾಗಿ ಸಿಗುತ್ತಿತ್ತು. ಯಾಕೆ ಅಂತ ಕೇಳಿದರೆ, ಸುಮ್ನೆ. ಇವನೂ ಹಾಗೇ ಇರಬೇಕು. ಬಡಿದ ನಾಣ್ಯವನ್ನು ಒಂದು ರೂಪಾಯಿಗೇ ಖರ್ಚು ಮಾಡಿದ್ದಾನಲ್ಲ! ಅದಕ್ಕೆ ಜಾಸ್ತಿ ಬೆಲೆ ಕಟ್ಟಿದವನು ನಾನೊಬ್ಬನೇ.

ಮೂರು ದಿನ ಬಿಟ್ಟು ಅದೇ ಬಸ್ಸು. ಟಿಕೆಟ್ಟಿನ ಚಿಲ್ಲರೆಯ ನಡುವೆ ಅದನ್ನೂ ಸೇರಿಸಿ ಕೊಟ್ಟೆ, ಸಿಂಹ ಕೆಳಗೆ ಮಾಡಿ. ಕಂಡಕ್ಟರ್ ಎತ್ತಿ ತಿರುಗಿಸಿ ನೋಡಿದ.

"ಇದು ಮೊನ್ನೆ ನಿಮಗೇ ದಾಟಿಸಿದ್ದಲ್ವಾ ಅಣ್ಣ?"