ವರದಾ ದಂಡೆಯ ಮೇಲೆ ನಡಿಗೆ-ಸೈಕಲ್ ಪಥ ಬೇಕೇ?

ಪರ

ಹಾವೇರಿ ತಾಲ್ಲೂಕಿನ ವರದಾ ದಂಡೆಯ ನಮ್ಮ ಊರುಗಳ ಮಕ್ಕಳಿಗೆ ಹೈಸ್ಕೂಲಿಗೆ ಹೋಗಲು ಇರುವುದು ಎರಡೇ ದಾರಿ: ಒಂದು ಡಾಂಬರು ರಸ್ತೆ, ಇನ್ನೊಂದು ಹೊಳೆದಂಡೆಯ ಕಾಲುದಾರಿ. ಕಬ್ಬು ನುರಿಸುವ ಹಂಗಾಮು ಮೊದಲಾಗುವುದೂ ಹಿಂಗಾರು ಮಳೆ ಹಿಡಿಯುವುದೂ ಸುಮಾರು ಒಂದೇ ಕಾಲಕ್ಕಾದ್ದರಿಂದ, ರಸ್ತೆಯ ಮೇಲೆ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು, ದಂಡೆಯ ಮೇಲೆ ಮೊಣಕಾಲುದ್ದ ಕೆಸರು. ರಾಜ್ಯ ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಸೈಕಲ್ ಬಂತು, ಅದು ಓಡುವ ದಾರಿ ಬರಲಿಲ್ಲ.

ನನ್ನ ಮಗಳು ಟ್ರ್ಯಾಕ್ಟರಿಗೆ ಹೆದರಿ ದಂಡೆಯ ದಾರಿ ಹಿಡಿಯುತ್ತಿದ್ದಳು. ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ಗಾಲಿ ತಿರುಗದಂತಾದಾಗ, ಜಾಲಿಕಡ್ಡಿಯಿಂದ ಕೆದರಿ ನಾಲ್ಕು ಮಾರು ಹೋಗುವುದು, ಮತ್ತೆ ನಿಂತು ಕೆದರುವುದು, ಅದೂ ಸಾಗದಿದ್ದರೆ ಪಾಟಿಚೀಲ ಬೆನ್ನಿಗೇರಿಸಿ ಸೈಕಲ್ಲನ್ನೇ ಎತ್ತಿಕೊಂಡು ನಡೆಯುವುದು. ಪ್ರಾರ್ಥನೆ ಮುಗಿದ ಮೇಲೆ ಬಂದಳೆಂದು ಹೊರಗೆ ನಿಲ್ಲಿಸಿದ್ದೂ ಉಂಟು. ನಾವು ಕೇಳುತ್ತಿರುವುದು ಕಾಂಕ್ರೀಟಲ್ಲ, ಗರಸು ಹಾಸಿ ರೋಲರ್ ಹೊಡೆದ ಒಂದು ಪಥ. ಬೆಳಿಗ್ಗೆ ಅದು ಮಕ್ಕಳದು, ಸಂಜೆ ಸಕ್ಕರೆ ಕಾಯಿಲೆಗೆ ನಡೆಯಿರೆಂದು ವೈದ್ಯರಿಂದ ಹೇಳಿಸಿಕೊಂಡ ಹಿರಿಯರದು. ಇಬ್ಬರೂ ಎದುರಾದರೆ ಗಂಟೆ ಬಾರಿಸಿದರಾಯಿತು, ಅದಕ್ಕೇನು ದೊಡ್ಡ ವಿದ್ಯೆ ಬೇಕಿಲ್ಲ. ನೆರೆ ಬಂದರೆ ಕೊಚ್ಚಿ ಹೋಗುತ್ತದೆ ಎನ್ನುವವರು ಬಹುಶಃ ನೆರೆಗೆ ಹೆದರಿ ಮನೆಯನ್ನೂ ಕಟ್ಟಿರಲಾರರು.

ವಿರೋಧ

ನನಗೆ ವಹಿಸಿದ್ದು ವಿರೋಧದ ಪಕ್ಷ. ಮಕ್ಕಳ ಕಷ್ಟವನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ. ಆದರೆ ವರದೆ ಹುಟ್ಟುವುದು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ. ಮಲೆನಾಡಿನಲ್ಲಿ ಮಳೆ ಜಡಿದರೆ ಇಲ್ಲಿ ಬಿಸಿಲಿದ್ದಾಗಲೂ ಹೊಳೆ ಏರುತ್ತದೆ. 2019ರ ಆಗಸ್ಟಿನ ನೆರೆಯನ್ನು ಕಂಡವರಿಗೆ ಗರಸಿನ ಆಯುಷ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಏರುವ ಸುದ್ದಿ ಬಂದೊಡನೆ ರೈತರು ರಾತ್ರೋರಾತ್ರಿ ಪಂಪ್‌ಸೆಟ್ಟಿನ ಮೋಟರನ್ನು ದಂಡೆಯ ಮೇಲಕ್ಕೆ ಎಳೆದು ತರುತ್ತಾರೆ. ಆ ಮೋಟರು, ಕೇಬಲ್ಲು, ಪೈಪುಗಳೆಲ್ಲ ಇದೇ ಪಥವನ್ನು ಅಡ್ಡ ದಾಟಬೇಕು. ಪಥವನ್ನು ಎತ್ತರಿಸಿದರೆ ಹೊಲದ ಬಸಿನೀರು ಹೊಳೆಗೆ ಇಳಿಯದೆ ಬೆಳೆಯ ಬುಡದಲ್ಲೇ ನಿಲ್ಲುತ್ತದೆ, ಎತ್ತರಿಸದಿದ್ದರೆ ಮೊದಲ ಮಳೆಗೇ ಕೆಸರು. ಇನ್ನು ಗಂಟೆಯ ಮಾತು: ದಾರಿ ಹಸನಾದ ಮರುದಿನವೇ ಅಲ್ಲಿ ಬೈಕುಗಳು ಓಡುತ್ತವೆ, ಅವು ಗಂಟೆ ಬಾರಿಸುವುದಿಲ್ಲ.

ಅದೇ ಹಣದಲ್ಲಿ ಡಾಂಬರು ರಸ್ತೆಯ ಬದಿಯನ್ನು ಅಗಲಗೊಳಿಸಿ, ಶಾಲೆ ಸೇರುವ ಮತ್ತು ಬಿಡುವ ಹೊತ್ತಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ತಡೆದು ನಿಲ್ಲಿಸುವುದು ಲೇಸು. ಅದನ್ನು ಕಾರ್ಖಾನೆಯವರೂ, ಕಬ್ಬು ಒಣಗುತ್ತದೆಂದು ಅವಸರಪಡುವ ನಮ್ಮಂಥ ಬೆಳೆಗಾರರೂ ಒಪ್ಪುತ್ತೇವೆಯೇ ಎಂಬುದು ಬೇರೆ ಮಾತು.