ಚಿಪ್‌ನ ಗೋತ್ರ ಯಾವುದು?

ಆಪಲ್ ಪಂಗಡದವರಿಗೆ ಸ್ಯಾಮ್‌ಸಂಗ್ ಫೋನು ಮೈಲಿಗೆ. ಸ್ಯಾಮ್‌ಸಂಗ್ ಪಂಗಡದವರಿಗೆ ಐಫೋನ್ ಮೈಲಿಗೆ. ಪಾಪ, ಆ ಕಂಪನಿಗಳ ಮಾಲೀಕರಿಗೆ ಮಾತ್ರ ಈ ಮಡಿ ಇಲ್ಲ.

2011ರಲ್ಲಿ ಆಪಲ್, 'ನಮ್ಮನ್ನು ನಕಲು ಹೊಡೆದಿದ್ದಾರೆ' ಎಂದು ಸ್ಯಾಮ್‌ಸಂಗ್ ಮೇಲೆ ಕೇಸು ಹಾಕಿತು. ಆಗ ಐಫೋನಿನ ಮುಖ್ಯ ಚಿಪ್ ತಯಾರಾಗುತ್ತಿದ್ದದ್ದು ಎಲ್ಲಿ? ಸ್ಯಾಮ್‌ಸಂಗ್ ಕಾರ್ಖಾನೆಯಲ್ಲೇ! ಬೆಳಿಗ್ಗೆ ಕೋರ್ಟಿನಲ್ಲಿ 'ಕಳ್ಳ', ಮಧ್ಯಾಹ್ನ 'ಮುಂದಿನ ಲೋಡು ಯಾವಾಗ ಸ್ವಾಮಿ?' ಕೊನೆಗೆ 2018ರಲ್ಲಿ ರಾಜಿಯಾದರು. ಅಭಿಮಾನಿಗಳ ಕೇಸು ಇನ್ನೂ ನಡೆಯುತ್ತಿದೆ.

ಅದಕ್ಕಿಂತ ಮಜಾ 2015ರದ್ದು. ಐಫೋನ್ 6ಎಸ್‌ಗೆ ಬೇಕಾದ ಎ9 ಚಿಪ್ ಅನ್ನು ಆಪಲ್ ಇಬ್ಬರ ಕೈಲಿ ಮಾಡಿಸಿತು. ಕೆಲವು ಸ್ಯಾಮ್‌ಸಂಗ್‌ನವು, 14 ನ್ಯಾನೋಮೀಟರ್ (ಚಿಪ್ಪಿನೊಳಗಿನ ಭಾಗಗಳು ಎಷ್ಟು ಚಿಕ್ಕವು ಎಂದು ಹೇಳಿಕೊಳ್ಳುವ ಅಂಕಿ). ಕೆಲವು ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯವು, 16 ನ್ಯಾನೋಮೀಟರ್. ಡಬ್ಬದ ಮೇಲೆ ಯಾರದೆಂದು ಬರೆದಿರಲಿಲ್ಲ. ಶುರುವಾಯಿತು ನೋಡಿ ಗೋತ್ರ ವಿಚಾರಣೆ! ಚಿಪ್ ಯಾರದೆಂದು ಹೇಳುವ ಆ್ಯಪ್‌ಗಳೇ ಬಂದವು. ಅಲ್ಲಿಯವರೆಗೆ ಚೆನ್ನಾಗಿಯೇ ಓಡುತ್ತಿದ್ದ ಫೋನಿನ ಬ್ಯಾಟರಿ, ಗೋತ್ರ ಗೊತ್ತಾದ ಕ್ಷಣದಿಂದ ಬೇಗ ಇಳಿದಂತೆ ಕಾಣತೊಡಗಿತು. ದಿನಬಳಕೆಯಲ್ಲಿ ವ್ಯತ್ಯಾಸ ಶೇ 2ರಿಂದ 3 ಅಷ್ಟೇ ಎಂದಿತು ಆಪಲ್. ಯಾರು ನಂಬುತ್ತಾರೆ? ಆ ಶೇ 3 ಹುಡುಕಲು ಪರೀಕ್ಷೆ ಮೇಲೆ ಪರೀಕ್ಷೆ ಓಡಿಸಿ ಉಳಿದ ಶೇ 97ನ್ನೂ ಖಾಲಿ ಮಾಡಿಕೊಂಡರು.

ಅಂದ ಹಾಗೆ, ಈ ನ್ಯಾನೋಮೀಟರ್ ಕೂಡ ಹೆಸರಷ್ಟೇ. ಇವತ್ತಿನ '3 ನ್ಯಾನೋಮೀಟರ್' ಚಿಪ್ ಬಿಚ್ಚಿ ಅಳೆದರೆ ಅಷ್ಟು ಚಿಕ್ಕ ಟ್ರಾನ್ಸಿಸ್ಟರ್ (ಚಿಪ್ಪಿನೊಳಗಿನ ಪುಟ್ಟ ಸ್ವಿಚ್ಚು) ಒಂದೂ ಸಿಗುವುದಿಲ್ಲ.

ಇನ್ನು ವೇದಿಕೆ ಹತ್ತಿ 'ಇದು ನಮ್ಮ ಸ್ವಂತ ಚಿಪ್' ಎಂದು ಎದೆ ತಟ್ಟಿಕೊಳ್ಳುವವರು. ವಿನ್ಯಾಸದ ಬುನಾದಿ ಬ್ರಿಟನ್ನಿನ ಆರ್ಮ್ ಕಂಪನಿಯದು. ಆ ಆರ್ಮ್‌ನ ಒಡೆತನ ಹೆಚ್ಚಿನಂಶ ಜಪಾನಿನ ಸಾಫ್ಟ್‌ಬ್ಯಾಂಕ್‌ನದು. ತಯಾರಿ ತೈವಾನಿನಲ್ಲಿ. ಅಲ್ಲಿ ಚಿಪ್ ಮೇಲೆ ಬೆಳಕಿನಿಂದ ನಕ್ಷೆ ಮೂಡಿಸುವ ಮೆಷಿನ್ನು ನೆದರ್‌ಲೆಂಡ್ಸ್‌ನ ಎಎಸ್‌ಎಂಎಲ್ ಕಂಪನಿಯದು, ಆ ಮೆಷಿನ್ನಿನ ಕನ್ನಡಿ ಜರ್ಮನಿಯ ಝೈಸ್‌ನದು. ಮಿಕ್ಕಿದ್ದೆಲ್ಲ ಸ್ವಂತ. ಚಪ್ಪಾಳೆ!

ಸ್ಯಾಮ್‌ಸಂಗ್ ಪಂಗಡದ ಕಥೆ ಇನ್ನೂ ಚೆಂದ. ಒಂದೇ ಹೆಸರಿನ ಗ್ಯಾಲಕ್ಸಿಯಲ್ಲಿ ಕೆಲವು ದೇಶಗಳಿಗೆ ಅಮೆರಿಕದ ಕ್ವಾಲ್‌ಕಾಮ್ ಕಂಪನಿಯ ಸ್ನಾಪ್‌ಡ್ರ್ಯಾಗನ್ ಚಿಪ್, ಇನ್ನು ಕೆಲವಕ್ಕೆ ಸ್ಯಾಮ್‌ಸಂಗ್ ಮನೆಯದೇ ಆದ ಎಕ್ಸಿನಾಸ್ ಚಿಪ್. 2020ರಲ್ಲಿ ಸಾವಿರಾರು ಅಭಿಮಾನಿಗಳು ಸಹಿ ಹಾಕಿ ಬೇಡಿಕೊಂಡರು: 'ನಮ್ಮ ಸ್ಯಾಮ್‌ಸಂಗ್ ಫೋನಿಗೆ ಸ್ಯಾಮ್‌ಸಂಗ್ ಚಿಪ್ ಮಾತ್ರ ಬೇಡ, ಸ್ನಾಪ್‌ಡ್ರ್ಯಾಗನ್ನೇ ಕೊಡಿ.' ಅದರ ಮುಂದಿನ ಸ್ನಾಪ್‌ಡ್ರ್ಯಾಗನ್ 888 ಅನ್ನು ಕ್ವಾಲ್‌ಕಾಮ್ ಮಾಡಿಸಿದ್ದು ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ.